ಮೊದಲ ಕಂತಿನ ಸೀನು

ಬ್ಯಾಡಗಿಯೊಳಗ ಜನವರಿಗೆ ದನಿ ಹಿಡೀಬಾರದು,
ಇದನ್ನ ನನಗ ಯಾರೂ ಹೇಳಿರಲಿಲ್ಲ.
ಗಾಳೀನ ಕೆಂಪು. ಮಾತು ಬಾಯಿಗೆ ಬರೂಕಿಂತ ಮೊದಲ
ಸೀನು ಬರ್ತದ.

ಝೆರಾಕ್ಸ್ ಅಂಗಡಿ ಶಟರ್ ಅರ್ಧ ಇಳಿಸಿ
ಅವ್ವನ ಎರಡು ಕೌದಿ ಮೊಳಿಗೆ ತೂಗಹಾಕಿ
ಹಾಳಿ ರಿಮ್ಮಿನ ಮ್ಯಾಲ ಮೊಬೈಲ್ ನಿಲ್ಲಿಸಿ
ಮುನ್ನೂರಾ ನಲವತ್ತರ ಮೈಕಿಗೆ ಕಾಲುಚೀಲ ತೊಡಿಸಿ
'ನಮಸ್ಕಾರ್ರೀ, ಇದು' ಅಂದೆ.
ಹನ್ನೊಂದು ಸಲ ಅಂದೆ.
ತಿರುಗಿ ಕೇಳಿದರ ಯಾವನೋ ಮೂಗಿನ್ಯಾಗ ಮಾತಾಡಾಂವ,
ಸಾಲ ಕೊಡೂ ಫೋನಿನವರಂಗ ಅತೀ ವಿನಯದಾಂವ.
ಇದ ದನಿಯಿಂದ ನಾ ಉದ್ರಿ ವಸೂಲಿ ಮಾಡೀನಿ,
ಒಬ್ಬಾಕಿ ಕಡೆ ಹೂಂ ಅನಿಸಿಕೊಂಡೀನಿ!

ಹನ್ನೆರಡನೇ ಸಲಕ್ಕ ಫಕ್ಕೀರವ್ವ ಬಂದ್ಲು,
ಆಧಾರ ಕಾರ್ಡಿನ ಎರಡು ಪ್ರತಿ ಬೇಕಿತ್ತು.
ಕೂಡ್ರು ಅಂದೆ. ಮೆಣಸಿನಕಾಯಿ ತುಂಬು ಮುರಿಯೂ ಕೈ
ಸೆರಗಿನ್ಯಾಗ ಮುಚ್ಚಿಕೊಂಡು ಕೂತ್ಲು.
'ಇದರಾಗ ಯಾರದಾರ?'
ಯಾರೂ ಇಲ್ಲ, ಆಮ್ಯಾಲ ಬರ್ತಾರ.
'ಬರದಿದ್ರ?'
ಏಳು ಪ್ರಶ್ನೆ ಬರಕೊಂಡಿದ್ದೆ ನಾನು.
ಇದು ಅದರಾಗ ಇರಲಿಲ್ಲ.

ಕೂಲಿ ಹೇಳಲಿಲ್ಲ ಆಕಿ, ಕಷ್ಟ ಹೇಳಲಿಲ್ಲ.
ಉರಿಯೂ ಬೆರಳು ಮಜ್ಜಿಗಿಯಾಗ ಅದ್ದಿ
ರಾತ್ರಿಯೆಲ್ಲಾ ಗಂಡನ ಗೊರಕಿ ಎಣಿಸಿದ್ದು,
ಚೊಚ್ಚಲ ಕೂಸಿನ ಕಣ್ಣಿಗೆ
ತಾ ಒಂದಿನಾನೂ ಕಾಡಿಗಿ ಹಚ್ಚಲಿಲ್ಲ,
ನೆಗೆಣ್ಣಿ ಹಚ್ಚಿದ್ಲು, ಅಂದದ್ದು.
ಆಮ್ಯಾಲ ಸುಮ್ಮನಾದ್ಲು. ಭಾಳ ಹೊತ್ತು.
ಆಮ್ಯಾಲ ಸೀನು. ಕೌದಿ ಅಲುಗಾಡಿತು.

ರಾಣೆಬೆನ್ನೂರಿನಿಂದ ಅಕ್ಕನ ಮಗ ಚಿದಂಬರ ಕಲಿಸಿದ:
ಖಾಲಿ ಇದ್ದದ್ದು ಕತ್ತರಿಸು ಮಾಮಾ, ಕೆಮ್ಮು-ಸೀನು ತೆಗಿ.
ಸುಮ್ಮನಿದ್ದದ್ದು ಪರದೆ ಮ್ಯಾಲ ಸಪಾಟು ಗೆರಿ,
ಸೀನು ಕಾಯಿಯ ತುದಿಯಂಗ ಚೂಪು.
ಎರಡಕ್ಕೂ ಕತ್ತರಿ ಇಟ್ಟೆ. ಕೇಳಿದೆ.
ಫಕ್ಕೀರವ್ವ ಇರಲಿಲ್ಲ.
ತಿರುಗಿ ಹಚ್ಚಿದೆ.

ಹೆಸರು ಹಾಕು ಅಂತು. ಚಿತ್ರ ಹಾಕು, ಚೌಕಿರಲಿ ಅಂತು.
ವರ್ಗ ಆರಿಸು: ಹಾಸ್ಯ, ಸುದ್ದಿ, ಆರೋಗ್ಯ, ವ್ಯಾಪಾರ.
ತಾಸು ನೋಡಿ 'ಇತರೆ' ಒತ್ತಿದೆ.
ಹನ್ನೊಂದೂವರಿಗೆ ಬಿಟ್ಟೆ ಊರಿಗೆ.
ಕೇಳಿದವರು ಸೊನ್ನಿ.
ಆಮ್ಯಾಲ ಒಂದು. ಅದು ನಾನು.

ಮರುದಿನ ಬುತ್ತಿ ಬಿಚ್ಚೂ ಹೊತ್ತಿಗೆ ಎರಡಾತು.
ಆ ಎರಡನೇದು ಯಾರಂತ ನನಗ ಗೊತ್ತದ:
ಮಾಬೂಬಿಯ ಮೊಬೈಲು, ಗಾಜು ಬಿರಕ ಬಿಟ್ಟಿದ್ದು,
ಕಾಯಿರಾಶಿ ಮ್ಯಾಲ ಅಂಗಾತ.
ಸುತ್ತ ಹದಿನಾಕು ಹೆಣ್ಮಕ್ಕಳು ತುಂಬು ಮುರಕೋತ.
ಆಕಿ ಸುಮ್ಮನಿದ್ದಲ್ಲಿ ಅವರೂ ಸುಮ್ಮನಾದ್ರು,
ಕೈ ಸುದ್ದಾ ನಿಂತವು.
ಸೀನಿಗೆ ನಕ್ಕರು. ನಕ್ಕವರು ಸೀನಿದರು.
ತೂಕದಾಂವ ಕಾಟಾ ಬಿಟ್ಟು ಓಡಿಬಂದು ಏನಾತು ಅಂದ.

ಆಪ್ ಇನ್ನೂ ಎರಡ ಅಂತದ.
ಸಂಜಿಗೆ ಫಕ್ಕೀರವ್ವ ಅಂಗಡ್ಯಾಗ ಇಣುಕಿ
'ಬಂದ್ರೇನು?' ಅಂದ್ಲು.
ನಾ ಬಾಯಿ ತೆಗಿಯೂದರಾಗ,
'ಎರಡು ಪ್ರತಿ ಅಂದಿದ್ದೆ ತಮ್ಮಾ,
ಒಂದ ಕೊಟ್ಟೀದಿ.'