ನಾಲ್ಕನೇ ಅರ್ಜಿ

ಹತ್ತೊಂಬತ್ತನೇ ಪುಟದಲ್ಲಿ ಒಂದು ಚೌಕ:
'ನಿಮ್ಮ ಊರಿನ ಸಂಕಷ್ಟವನ್ನು
ಇನ್ನೂರೈವತ್ತು ಪದ ಮೀರದಂತೆ ವಿವರಿಸಿ.'

ಸಂಜೆ ಐದೂಮುಕ್ಕಾಲು. ಹಾರ್ಕ್‌ನೆಸ್ ಮಿಲ್ಸ್ ಪುರಭವನದಲ್ಲಿ
ಹೀಟರ್ ಕೆಮ್ಮುತ್ತಿದೆ. ಮೇಯರ್ ಥೆರಾನ್
ಕೋಟು ತೊಟ್ಟು ಬಾಗಿಲಲ್ಲೇ ನಿಂತು ಹೇಳುತ್ತಾನೆ:
'ಈ ಸಲ ಸ್ವಲ್ಪ ಕಣ್ಣೀರು ಬರುವ ಹಾಗೆ ಬರಿ, ಡೆಲ್ಫೀನ್.
ಹೋದ ಸಲ ಎರಡು ಅಂಕದಲ್ಲಿ ತಪ್ಪಿತು.'
ಹೌದು. ನಮಗಿಂತ ಎರಡು ಅಂಕ ಹೆಚ್ಚು ನರಳಿದ
ಊರೊಂದು ಓಹಾಯೋದಲ್ಲಿತ್ತು.
ಅವರ ಬಣ್ಣದ ಕಾರ್ಖಾನೆ ಶಾಲೆಗೆ ಅಂಟಿಕೊಂಡೇ ಇತ್ತಂತೆ.
ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ನಾಚಿಕೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ.
ಸರ್ಕಾರಕ್ಕೆ ಬೇಕು:
ಕನ್ನಡಿ, ಕನ್ನಡಿಯ ಮೂರು ಪ್ರತಿ,
ಹುಣ್ಣಿನ ಅಕ್ಷಾಂಶ ರೇಖಾಂಶ,
ಹುಣ್ಣು ಯಾರ ಹೆಸರಿನಲ್ಲಿದೆ ಅನ್ನುವ ದಾಖಲೆ.

ಯಾರ ಹೆಸರಿನಲ್ಲೂ ಇರಲಿಲ್ಲ.
ಕಂಪನಿ ಮೊದಲು ಹೆಸರು ಬದಲಿಸಿತು, ಆಮೇಲೆ ಊರು,
ಆಮೇಲೆ ದೇಶ.
ಬಿಟ್ಟು ಹೋದದ್ದು ಹನ್ನೊಂದೂವರೆ ಎಕರೆ, ಒಂದು ಚಿಮಣಿ,
ತೆರಿಗೆ ಬಾಕಿ.
ಬಾಕಿಯ ಬದಲಿಗೆ ನೆಲ ನಮ್ಮ ಪಾಲಿಗೆ ಬಂತು,
ಸಾಲಕ್ಕೆ ಹುಚ್ಚುನಾಯಿಯನ್ನು ಜಪ್ತಿ ಮಾಡಿ ತಂದ ಹಾಗೆ.

ನಾವು ಕೈಗವಸಿನ ಊರಿನವರು.
ಕುರಿ, ಜಿಂಕೆ, ಹಂದಿಯ ತೊಗಲು ಹದ ಮಾಡಿ
ಎಷ್ಟೋ ಮದುಮಕ್ಕಳ, ಎಷ್ಟೋ ಹೆಣ ಹೊರುವವರ
ಕೈ ಬೆಚ್ಚಗಿಟ್ಟವರು.
ತೊಟ್ಟಿಯಿಂದ ಎದ್ದ ತೊಗಲು ನೀಲಿ;
ನೀಲಿ ನೀರು ಹಳ್ಳಕ್ಕೆ. ಬಣ್ಣದ ಮನೆಯ ನೀರೂ ಹಳ್ಳಕ್ಕೆ.
ತೊಗಲಿಗೆ ಹದ ಬಂತು, ನೆಲಕ್ಕೆ ತಪ್ಪಿತು.
ಶಾಲೆಗೆ ಹೋಗುವಾಗ ಸೇತುವೆಯ ಮೇಲೆ ನಿಂತು
ಪೇಟೆಯಲ್ಲಿ ಈ ವಾರ ಯಾವ ಬಣ್ಣ ಓಡುತ್ತಿದೆ
ಅಂತ ನಾವೇ ಹೇಳುತ್ತಿದ್ದೆವು.
ಒಮ್ಮೆ ಇಡೀ ತಿಂಗಳು ಹಳ್ಳ ಕೆಂಪಗೆ ಹರಿದು
ಕಾರ್ಮೆಲಾ ಸ್ಪಡಾರೊಳ ಬಾತುಕೋಳಿಗಳು ಗುಲಾಬಿಯಾದವು.
ನಕ್ಕಿದ್ದೆವು. ಸುಳ್ಳೇಕೆ, ಬಿದ್ದು ಬಿದ್ದು ನಕ್ಕಿದ್ದೆವು.

ಇದನ್ನು ಬರೆಯಬಹುದೇ? ನಗುವಿಗೆ ಅಂಕವಿಲ್ಲ.
ಅಮ್ಮನ ಬಗ್ಗೆ ಬರೆಯಲೇ?
ಇಪ್ಪತ್ತಾರು ವರ್ಷ ಹೆಬ್ಬೆರಳು ಹೊಲಿದಳು, ಬರೀ ಹೆಬ್ಬೆರಳು;
ಉಳಿದ ನಾಲ್ಕು ಬೇರೆ ಮೇಜಿನವರ ಪಾಲು.
ಕಾರ್ಖಾನೆ ಮುಚ್ಚಿದ ದಿನ ಮನೆಗೆ ತಂದ ಡಬ್ಬದ ತುಂಬ
ಎಡಗೈಯ ಹೆಬ್ಬೆರಳುಗಳು.
ಅವಳ ಹೊಟ್ಟೆಯ ಗಂಟಿಗೂ ನೀಲಿ ನೀರಿಗೂ ನಂಟಿದೆ ಅಂತ
ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ.
ಇಲ್ಲ ಅಂತಲೂ ಬರೆದುಕೊಟ್ಟಿಲ್ಲ.

ಕೊನೆಗೆ ಬರೆದೆ: ನೂರಕ್ಕೆ ಮೂವತ್ತೊಂದು ಜನ ಬಡವರು.
ಮುಚ್ಚಿದ ಅಂಗಡಿ ಹದಿನಾಲ್ಕು, ಔಷಧಿಯದ್ದೂ ಸೇರಿ.
ಬೆಳೆಯುವ ಮಕ್ಕಳ ರಕ್ತದ ಲೆಕ್ಕ, ಅದರ ದಶಮಾಂಶ.
ಎಣಿಸಿದರೆ ಇನ್ನೂರ ನಲವತ್ತೊಂಬತ್ತು ಪದ.
ಉಳಿದ ಒಂದಕ್ಕೆ ಬಹಳ ಹೊತ್ತು ಯೋಚಿಸಿ
'ದಯವಿಟ್ಟು' ಸೇರಿಸಿ ದೀಪ ಆರಿಸಿದೆ.

*

ಜೂನ್‌ನಲ್ಲಿ ಹಣ ಬಂತು. ತೊಳೆಯಲು ಅಲ್ಲ,
ಎಷ್ಟು ಕೊಳೆ ಅಂತ ಅಳೆಯಲು.
ತೊಳೆಯಲು ಬೇರೆ ಅರ್ಜಿ, ಬೇರೆ ಚೌಕ.
ಆದರೂ ಥೆರಾನ್ ಕೇಕ್ ತಂದ.
ಬೇಲಿಯ ಹೊರಗೆ ನಿಂತು ಒಬ್ಬರು ದಿನಸಿ ಅಂಗಡಿ ಕಟ್ಟಿದರು,
ಇನ್ನೊಬ್ಬರು ಅದನ್ನು ಕೆಡವಿ ಆಟದ ಮೈದಾನ ಮಾಡಿದರು.
ಎಂಬತ್ತೆಂಟರ ಕಾರ್ಮೆಲಾ ಮಾತ್ರ
'ಬಾತುಕೋಳಿ' ಅಂದಳು.

ಕೊರೆಯುವ ಯಂತ್ರದ ಹುಡುಗ ಹನ್ನೆರಡು ಅಡಿ ಆಳದಿಂದ
ಉದ್ದನೆಯ ಮಣ್ಣಿನ ಕೊಳವೆ ಎಳೆದು
ಹಸುಗೂಸಿನಂತೆ ಮೇಜಿನ ಮೇಲೆ ಮಲಗಿಸಿದ.
ಮೇಲೆ ಇಟ್ಟಿಗೆ ಪುಡಿ, ಕೆಳಗೆ ಬೂದಿ,
ಅದರ ಕೆಳಗೆ, ಕೊಳೆಯದೆ, ನಿನ್ನೆ ಕತ್ತರಿಸಿದ ಹಾಗೆ,
ನೀಲಿ ತೊಗಲಿನ ಚೂರು.

ಬರಿಗೈಯಲ್ಲಿ ಮುಟ್ಟಬೇಡಿ ಅಂದ.
ರಬ್ಬರಿನ ಕೈಗವಸು ಕೊಟ್ಟ. ಹೊರದೇಶದ ಮಾಲು.
ಹಾಕಿಕೊಂಡೆ.
ಹೆಬ್ಬೆರಳ ಹತ್ತಿರ ಸಡಿಲ.
ಅಮ್ಮನಾಗಿದ್ದರೆ ವಾಪಸ್ ಕಳಿಸುತ್ತಿದ್ದಳು.