ಬರ್ಕೊಳ್ಳಿ, ಅಪ್ಪ ಕೊಡ್ತಾರೆ

ನಾಲ್ಕು ಹತ್ತಕ್ಕೆ ಗಂಟೆ.
ನಾಲ್ಕು ಹನ್ನೊಂದಕ್ಕೆ ಗೇಟಿನ ಬಾಯಿಂದ
ನೂರಾರು ಬ್ಯಾಗು, ಬ್ಯಾಗುಗಳ ಕೆಳಗೆ ಕಾಲು.
ಅದರಲ್ಲಿ ಎರಡು ಜೊತೆ ನನ್ನವು.
ಮೌಲ್ಯ, ಐದನೇ ಕ್ಲಾಸು.
ಚಿರಂತ, ಎರಡನೆಯದು,
ಬೂಟಿನ ಲೇಸು ಸದಾ ನೆಲ ಗುಡಿಸುತ್ತಿರುತ್ತದೆ.

'ಹೆಂಗಿತ್ತು ಸ್ಕೂಲು' ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ
'ಏನ್ ಕೊಡಿಸ್ತೀಯಪ್ಪ?'
ಸ್ಕೂಲು ಹೆಂಗಿತ್ತೋ
ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಮನೆಗೆ ಗುತ್ತಲು ರಸ್ತೆಯಲ್ಲೇ ಹೋಗಬೇಕು.
ಸೀಬೆಹಣ್ಣು ಸೀಳಿ ಉಪ್ಪುಕಾರ ತುಂಬುವ ಅಜ್ಜಿಯನ್ನು,
ಚುರುಮುರಿ ಗಾಡಿಯನ್ನು
ಹಾರನ್ನು ಒತ್ತಿಕೊಂಡೇ ದಾಟಿಬಿಡುತ್ತೇನೆ.
ಶೇಷಣ್ಣನ ಬೇಕರಿಯನ್ನು ದಾಟುವುದು ಹೇಗೆ?
ನಾಲ್ಕೂಕಾಲಿಗೆ ಸರಿಯಾಗಿ ಬಿಸಿ ಟ್ರೇ ಇಳಿಯುತ್ತದೆ.
ಖಾರಾ ಬನ್ನಿನ ಘಮ ರಸ್ತೆ ದಾಟಿ
ಹೆಲ್ಮೆಟ್ಟಿನೊಳಗೇ ಬಂದು ಕೂರುತ್ತದೆ.

ಶುಕ್ರವಾರ ಮಾತ್ರ, ಇದು ನಳಿನ ಮಾಡಿದ ಕಾನೂನು.
'ಇವತ್ತು ಶುಕ್ರವಾರದ ಹಿಂದಿನ ದಿನ ಅಲ್ವಾ?'
ಇದು ಚಿರಂತನ ತಿದ್ದುಪಡಿ.
ಡಬ್ಬಿಯಲ್ಲಿ ಹುರಿಗಡಲೆ ಉಂಡೆ ತಂದು ನೋಡಿದೆ.
ಮೂಗಿಗೆ ಹಿಡಿದು, 'ವಾಸನೇನೇ ಇಲ್ಲ' ಎಂದು ವಾಪಸು ಕೊಟ್ಟ.
ಚಿಲ್ಲರೆ ಇಲ್ಲ ಕಣೋ.
'ಫೋನ್ ಐತಲ್ಲ.'
ಫೋನಲ್ಲಿ ಚಾರ್ಜಿಲ್ಲ.
ಆಗ ಮೌಲ್ಯ, ತಣ್ಣಗೆ:
'ಕರೆಂಟಿನೋನು ನೀನು. ನಿನ್ನ ಫೋನಿಗೇ ಚಾರ್ಜಿಲ್ವಾ?'

ಆಷಾಢ ಬಂತು.
ಗಾಳಿಗೆ ತೆಂಗಿನ ಗರಿ ತಂತಿಯ ಮೇಲೆ,
ತಂತಿ ರಸ್ತೆಯ ಮೇಲೆ, ನಾನು ಕಂಬದ ಮೇಲೆ.
ಮಕ್ಕಳು ಪಕ್ಕದ ಮನೆಯ ಹುಡುಗಿಯ ಜೊತೆ ನಡೆದು ಬರತೊಡಗಿದರು.
ರಾತ್ರಿ ಬಂದರೆ
ಏನೂ ಕೇಳುವುದಿಲ್ಲ, ಹಟವಿಲ್ಲ,
ಹಾಕಿದ ಅನ್ನ ಅರ್ಧ ಬಿಟ್ಟು ಎದ್ದುಬಿಡುತ್ತವೆ, ಪಾಪ.
'ಬುದ್ಧಿ ಬಂತು ಕಣೇ' ಎಂದೆ.
'ನಾನು ಹೇಳಿರಲಿಲ್ವಾ' ಎಂದಳು ನಳಿನ.
ಹದಿನೈದು ದಿನ ನಾವಿಬ್ಬರೂ
ಬೀದಿಯಲ್ಲೇ ಒಳ್ಳೆಯ ತಂದೆತಾಯಿ.

ನಿನ್ನೆ ಶೇಷಣ್ಣ ಬೈಕಿಗೆ ಕೈ ಅಡ್ಡ ಹಿಡಿದ.
'ಒಸಿ ಬನ್ನಿ ಸಾರ್.'
ಎಣ್ಣೆ ಕುಡಿದ ಉದ್ದನೆಯ ಪುಸ್ತಕ,
ಅದರಲ್ಲೊಂದು ಪುಟ, ತಲೆಬರಹ: ಮೌಲ್ಯ ಅಪ್ಪ, ಕರೆಂಟು.
ಕೆಳಗೆ ಖಾರಾ ಬನ್ನು, ಖಾರಾ ಬನ್ನು, ಹನಿ ಕೇಕು,
ಮತ್ತೆ ಖಾರಾ ಬನ್ನು,
ಪಕ್ಕದ ಮನೆಯ ಹುಡುಗಿಗೂ ಒಂದು.
'ಬರ್ಕೊಳ್ಳಿ, ಅಪ್ಪ ಕೊಡ್ತಾರೆ ಅಂತು ಮಗು.
ಯಾವ ಅಪ್ಪನವ್ವ ಅಂದೆ.
ಅಗೋ, ಕಂಬದ ಮೇಲಿದಾರಲ್ಲ, ಅಂತು.
ನೋಡಿದೆ. ಇದ್ರಿ.'

ಇನ್ನೂರ ಮೂವತ್ತೆಂಟು.
ಬೈಗುಳಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸಿಕೊಳ್ಳುತ್ತ
ಕೊನೆಯ ಸಾಲಿಗೆ ಬಂದೆ.
ಮಂಗಳವಾರ. ದಿಲ್‌ಪಸಂದ್ ಒಂದು ಪೀಸು. ಪ್ಯಾಕು.

ಮಂಗಳವಾರ.
ಗುತ್ತಿಗೆ ಕೆಲಸದ ಹುಡುಗ ಕಂಬದಿಂದ ಜಾರಿ
ಮಂಡಿ ತರಚಿಕೊಂಡ ದಿನ.
ಒಂಬತ್ತೂವರೆಗೆ ಮನೆಗೆ ಬಂದೆ, ಕೈಯೆಲ್ಲ ಗ್ರೀಸು.
ಒಲೆಯ ಪಕ್ಕ ತಟ್ಟೆ, ಅದರ ಮೇಲೊಂದು ತಟ್ಟೆ,
ಸುತ್ತ ಇರುವೆಗೆಂದು ನೀರಿನ ಗೆರೆ.
ದೀಪವನ್ನೂ ಹಾಕದೆ ನಿಂತೇ ತಿಂದೆ,
ಕೊಬ್ಬರಿ, ಟೂಟಿ ಫ್ರೂಟಿ, ಬೆರಳಿನ ಗ್ರೀಸು ಒಟ್ಟಿಗೆ.
'ಚೆನ್ನಾಗಿತ್ತು ಕಣೆ' ಎಂದೆ ನಳಿನಳಿಗೆ.
ಆಸ್ಪತ್ರೆಯ ಡ್ಯೂಟಿ ಮುಗಿಸಿ ಮಲಗಿದ್ದವಳು
ಏನೆಂದು ಗೊತ್ತಿಲ್ಲದೆಯೇ 'ಹೂಂ' ಅಂದಿದ್ದಳು.

ಮನೆಗೆ ಹೋಗಿ ನಿಲ್ಲಿಸಿ ಕೇಳಿದೆ.
ಕೇಳದೆ ತಗೋಬೋದೇನಮ್ಮ?
'ಕೇಳಿದ್ರೆ ಕೊಡಿಸ್ತಿರ್ಲಿಲ್ವಲ್ಲ.'
ಚಿರಂತ ನನ್ನ ಮುಖ ನೋಡಲಿಲ್ಲ,
ಕೈ ನೋಡಿದ. ಬರಿಗೈ.

ಹೇಳಲು ಏನೋ ಇತ್ತು.
ಗಂಟಲವರೆಗೆ ಬಂದದ್ದು ಅಲ್ಲೇ ನಿಂತಿತು.
ಅಷ್ಟರಲ್ಲಿ ಇಡೀ ಬೀದಿಯ ಕರೆಂಟು ಹೋಯಿತು.

ಫೋನು ಹೊಡೆಯಿತು. ಮತ್ತೆ ಹೊಡೆಯಿತು.
ಕತ್ತಲಲ್ಲಿ ಮೂವರೂ ಹಾಗೆಯೇ ನಿಂತಿದ್ದೆವು.
ನಾನು ಎತ್ತಲಿಲ್ಲ.