ಹತ್ತು ತೆತ್ರಿ

ಎರಡಕ್ಕೂ ಬೆಲೆ ಒಂದೇ, ತೊಂದರೆಯೂ ಅದೇ.
ಹೆಚ್ಚುಕಮ್ಮಿ ಇದ್ದಿದ್ದರೆ
ನಮ್ಮ ಕೈ ಬಿಗಿತವೇ ಮುಂದೆ ನಿಂತು
ತೀರ್ಮಾನ ಹೇಳಿ ಮುಗಿಸುತ್ತಿತ್ತು.

ಮೊದಲು ಗುಡ್ಡದ ಮನೆ.
ತ್ಬಿಲಿಸಿಯ ಹಳೇ ಓಣಿ, ಎಂಬತ್ತಾರು ಮೆಟ್ಟಿಲು.
ಗೋಡೆಯ ಬಿರುಕಿಗೆ ಅಡ್ಡಲಾಗಿ ಯಾರೋ
ಗಾಜಿನ ಪಟ್ಟಿ ಅಂಟಿಸಿ ಪೆನ್ಸಿಲಿನಲ್ಲಿ ತಾರೀಖು ಬರೆದಿದ್ದರು.
ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.
ಗಾಜು ಒಡೆದಿತ್ತು.
‘ಒಂದೇ ಕಡೆ’ ಎಂದ ಮಾರುವವನು, ಹಲ್ಲಿನ ಡಾಕ್ಟರು ಶಾಲ್ವ,
ಹುಳುಕು ಹಲ್ಲು ಇನ್ನೊಂದು ವರ್ಷ ಬಾಳುತ್ತದೆ
ಎಂದು ಹೇಳುವ ಅದೇ ದನಿಯಲ್ಲಿ.

ಅಂಗಳದ ತುಂಬ ದ್ರಾಕ್ಷಿಯ ಚಪ್ಪರ.
ಕ್ರಯಪತ್ರದಲ್ಲಿ ಒಂದು ಸಾಲು ಸೇರಬೇಕಂತೆ:
ಪ್ರತಿ ಅಕ್ಟೋಬರಿಗೆ ಎರಡು ಬಕೆಟ್ಟು ಹಣ್ಣು ಅವನಿಗೆ,
ಅವನೇ ಬಂದು ಕೊಯ್ಯುತ್ತಾನೆ, ಏಣಿ ನಮ್ಮದು.
ನನ್ನ ಗೊದೆರ್ಜಿ ಏನೂ ಹೇಳಲಿಲ್ಲ.
ಇಪ್ಪತ್ತೆರಡು ವರ್ಷ ಲಿಫ್ಟು ರಿಪೇರಿ ಮಾಡಿದವನು
ಹಿಮ್ಮಡಿಯಿಂದ ನೆಲ ತುಳಿದು ನೋಡುತ್ತಿದ್ದ,
ಹಗ್ಗಕ್ಕೆ ಜೋತುಬೀಳದ ನೆಲ
ಎಷ್ಟು ಸುಮ್ಮನಿರುತ್ತದೆ ಎಂದು.

ಆಮೇಲೆ ಗ್ಲ್ದಾನಿಯ ಫ್ಲಾಟು, ಹನ್ನೊಂದನೇ ಮಹಡಿ.
ಏರಬೇಕಾದರೆ ಲಿಫ್ಟಿನ ಡಬ್ಬಿಗೆ ಹತ್ತು ತೆತ್ರಿ.
ಇಳಿಯುವುದು ಪುಕ್ಕಟೆ.
ಚಿಲ್ಲರೆ ಇಲ್ಲದವರು? ಎಂದೆ.
‘ಇನ್ನೊಬ್ಬರು ಬರುವ ತನಕ ನಿಂತಿರುತ್ತಾರೆ’
ಎಂದಳು ದಲ್ಲಾಳಿ ಹುಡುಗಿ, ‘ಇಲ್ಲಿ ಗುರುತು ಪರಿಚಯ
ಆಗುವುದೇ ಹಾಗೆ.’
ಐದನೇ ಮಹಡಿ ದಾಟುವಾಗ ಸಣ್ಣಗೆ ಏನೋ ಮುಲುಕಿತು.
‘ನಾನೇ ಹಾಕಿದ ಬೇರಿಂಗು’ ಎಂದ ಗೊದೆರ್ಜಿ,
ಸಂತೆಯಲ್ಲಿ ಹಳೇ ಸಾಲಗಾರ ಎದುರಾದಂತೆ.

ಪಕ್ಕದ ಫ್ಲಾಟಿನವನು ಬಾಲ್ಕನಿಗೆ ಕಬ್ಬಿಣ ಬೆಸೆದು
ಗಾಳಿಯಲ್ಲೊಂದು ಕೋಣೆ ಹೆಚ್ಚಿಸಿಕೊಂಡಿದ್ದ.
ಕೆಳಗೆ ಆಧಾರವೆಂಬುದಿಲ್ಲ. ಒಳಗೆ ಫ್ರಿಜ್ಜು,
ಇಸ್ತ್ರಿ ಮೇಜು, ನಮ್ಮತ್ತ ಕೈಬೀಸುವ ಅವನ ಹೆಂಡತಿ.
ನಾನೂ ಬೀಸಿದೆ. ಕಾಲು ನಡುಗಿದ್ದು ನನಗೆ.

ಆಗಲೇ ತಲೆಯ ಮೇಲೆ ಪಿಯಾನೊ.
ಯಾವುದೋ ಮಗು, ಒಂದೇ ಪಾಠ, ಮೆಟ್ಟಿಲು ಹತ್ತಿದಂತೆ
ಏರಿ ಬಂದು ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ.
ಹಿಂದಕ್ಕೆ ಹೋಗುತ್ತದೆ. ಮತ್ತೆ ಬರುತ್ತದೆ. ನಿಲ್ಲುತ್ತದೆ.
ಪಿಯಾನೊ ಶ್ರುತಿ ಮಾಡುವುದು ನನ್ನ ಕಸುಬು.
ಮಗು ತಪ್ಪಿರಲಿಲ್ಲ. ತಂತಿ ಇಳಿದಿತ್ತು.
ಸರಿಯಾದ ಬೆರಳನ್ನು ಸರಿಯಾದ ಕಡೆ ಇಟ್ಟು
ತಾನೇ ತಪ್ಪಿದೆನೆಂದು ನಂಬುತ್ತಿತ್ತು ಅದು,
ಯಾರಿಗೆ ಗೊತ್ತು ಎಷ್ಟು ತಿಂಗಳಿಂದ.

ರಾತ್ರಿ ಅವನು, ‘ಮನೆಯಾದರೆ ತಲೆಯ ಮೇಲೆ
ಆಕಾಶ, ಅದು ನಮ್ಮದು.’
ಸೋರಿದರೂ ನಮ್ಮದೇ, ಎಂದೆ.
‘ಫ್ಲಾಟಿನಲ್ಲಿ ಗೋಡೆಯ ಅರ್ಧ ಪಕ್ಕದವನದು.’
ಬಿರುಕಿನಲ್ಲೂ ಅರ್ಧ ಅವನದು, ಎಂದೆ.
ಅವನು ಪಕ್ಕಕ್ಕೆ ಹೊರಳಿದ. ಬಾಡಿಗೆಯ ಮಂಚ ಕಿರುಗುಟ್ಟಿತು.
ನಿದ್ದೆಯಲ್ಲಿ ಎಂಬಂತೆ, ಆದರೆ ನಿದ್ದೆಯಲ್ಲಲ್ಲ,
‘ಆ ಬೇರಿಂಗಿಗೆ ಎಣ್ಣೆ ಬೇಕು’ ಎಂದ.

ಬೆಳಿಗ್ಗೆ ಅವನಿಗೆ ಹೇಳದೆ ಬಂದಿದ್ದೇನೆ.
ಚೀಲದಲ್ಲಿ ಶ್ರುತಿಯ ಕೀಲಿ, ಫೆಲ್ಟಿನ ಪಟ್ಟಿ.
ಯಾವುದನ್ನೂ ಕೊಂಡಿಲ್ಲ, ಯಾವುದನ್ನೂ ಬಿಟ್ಟಿಲ್ಲ.
ಲಿಫ್ಟಿನ ಬಾಗಿಲು ತೆರೆದಿದೆ, ಜೇಬೆಲ್ಲ ತಡಕಿ
ಡಬ್ಬಿಯ ಮುಂದೆ ನಿಂತಿದ್ದೇನೆ.
ಹತ್ತು ತೆತ್ರಿ ಇರುವ ಯಾರಾದರೂ
ಬರಬೇಕು.